ಹಳಿ ಸುರಪುರದಲ್ಲಿ, ಟ್ರಾಲಿ ಶಹಾಪುರದಲ್ಲಿ

ಶಹಾಪುರದ ನನ್ನ ಅಂಗಡಿಗೆ ಮೊದಲ ಸಲ ಬಂದವರು ಟ್ರಾಲಿ ನೋಡಿ ಖುಷಿಪಡುತ್ತಾರೆ. ಎಂಟು ರಬ್ಬರಿನ ಗಾಲಿ, ದಪ್ಪ ಹಲಗೆ, ಕ್ಯಾಮರಾದವನು ಕೂರಲು ತಿರುಗುವ ಕುರ್ಚಿ, ತಳ್ಳುವವನಿಗೆ ಎದೆಮಟ್ಟದ ಕಬ್ಬಿಣದ ಹಿಡಿಕೆ. ಮುಟ್ಟಿ ನೋಡುತ್ತಾರೆ. ಕೆಲವರು ಹತ್ತಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಸುತ್ತಲೂ ಕಣ್ಣಾಡಿಸಿ, ಇದು ಓಡುವ ಹಳಿ ಎಲ್ಲಿ ಎಂದು ಕೇಳುತ್ತಾರೆ. ಹಳಿ ಸುರಪುರದಲ್ಲಿದೆ ಎನ್ನುತ್ತೇನೆ. ಚಾಷ್ಟಿ ಮಾಡುತ್ತಿದ್ದೇನೆ ಅಂದುಕೊಂಡು ನಗುತ್ತಾರೆ. ಗಾಡಿ ಒಂದೂರಲ್ಲಿ, ಅದರ ದಾರಿ ಇನ್ನೊಂದೂರಲ್ಲಿ ಇಟ್ಟುಕೊಂಡು ಯಾರಾದರೂ ಅಂಗಡಿ ನಡೆಸುತ್ತಾರೆಯೇ? ನಾನು ನಡೆಸಿದ್ದೇನೆ. ಹನ್ನೊಂದು ವರ್ಷ ನಡೆಸಿದ್ದೇನೆ.

ನನ್ನದು ಶೂಟಿಂಗ್ ಸಾಮಾನು ಬಾಡಿಗೆಗೆ ಕೊಡುವ ಕಸುಬು. ಲೈಟು, ಸ್ಟ್ಯಾಂಡು, ಬೆಳಕನ್ನು ಮೆತ್ತಗೆ ಮಾಡುವ ಬಿಳಿ ಬಟ್ಟೆಯ ಚೌಕಟ್ಟು, ಕೇಬಲ್ಲಿನ ಸುರುಳಿಗಳು, ಮತ್ತೆ ಈ ಟ್ರಾಲಿ. ಮದುವೆ ವಿಡಿಯೊ ಮಾಡುವವರು, ಜಾನಪದ ಹಾಡಿನ ಆಲ್ಬಂ ಮಾಡುವವರು, ಪುಢಾರಿಗಳ ಹುಟ್ಟುಹಬ್ಬಕ್ಕೆ ಹಾಡು ಕಟ್ಟಿಸುವವರು ಬರುತ್ತಾರೆ. ಯಾದಗಿರಿಯಿಂದ ತಿಂಥಣಿಯ ಹೊಳೆದಂಡೆಯ ತನಕ ಯಾರು ಎಲ್ಲಿ ಕುಣಿದರೂ ಅವರ ಮುಖದ ಮೇಲಿನ ಬೆಳಕು ನನ್ನ ಅಂಗಡಿಯದು ಎಂದು ಒಂದು ಕಾಲಕ್ಕೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆಗ ಅದು ಸುಳ್ಳೂ ಆಗಿರಲಿಲ್ಲ.

ಆದರೆ ಟ್ರಾಲಿ ನನ್ನೊಬ್ಬನದಲ್ಲ. ಅದನ್ನು ಮಾಡಿಸಿದವರು ನಾವಿಬ್ಬರು. ಅವನು ಸುರಪುರದವನು. ಯಾದಗಿರಿ ಸ್ಟೇಷನ್ ರಸ್ತೆಯ ಒಂದು ಹಳೆಯ ಸ್ಟುಡಿಯೊದಲ್ಲಿ ಒಟ್ಟಿಗೆ ಕೆಲಸ ಕಲಿತೆವು. ಸ್ಟುಡಿಯೊದ ಮಾಲೀಕರನ್ನು ಊರೆಲ್ಲ ಉಸ್ತಾದ ಎಂದೇ ಕರೆಯುತ್ತಿತ್ತು. ಅವರು ನಮಗೆ ಮೊದಲ ಆರು ತಿಂಗಳು ಕ್ಯಾಮರಾ ಮುಟ್ಟಗೊಡಲಿಲ್ಲ. ಕೇಬಲ್ಲು ಸುತ್ತುವುದನ್ನೇ ಕಲಿಸಿದರು. ಬಿಚ್ಚುವಾಗ ಒಂದು ಗಂಟು ಬಿದ್ದರೂ ಆ ಮಧ್ಯಾಹ್ನ ಊಟಕ್ಕೆ ಬಿಡುತ್ತಿರಲಿಲ್ಲ. ನನ್ನ ಕೇಬಲ್ಲು ಗಂಟಾಗುತ್ತಿತ್ತು. ಅವನು ತನ್ನ ಬುತ್ತಿ ಬಿಚ್ಚದೆ ನನ್ನ ಗಂಟು ಬಿಡಿಸುತ್ತ ಕೂರುತ್ತಿದ್ದ. ನಮ್ಮ ದೋಸ್ತಿ ಶುರುವಾದದ್ದು ಆ ಗಂಟುಗಳಿಂದ.

ಮುಂದೆ ಇಬ್ಬರೂ ಸೇರಿ ಸ್ವಂತ ಅಂಗಡಿ ಹಾಕಿದೆವು. ಹೈದರಾಬಾದಿನ ಒಂದು ಬಾಡಿಗೆ ಗೋದಾಮಿಗೆ ಹೋಗಿ, ಲೈಟು ಕೊಳ್ಳುವವರಂತೆ ನಟಿಸುತ್ತ ಅಲ್ಲಿದ್ದ ಟ್ರಾಲಿಯನ್ನು ಗೇಣಿನಿಂದ ಅಳೆದುಕೊಂಡು ಬಂದೆವು. ಟ್ರಾಲಿಯನ್ನು ಅವನು ಅಳೆದ, ಹಳಿಯನ್ನು ನಾನು ಅಳೆದೆ. ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಮಾಡುವ ವೆಲ್ಡಿಂಗ್ ಅಂಗಡಿಯವನು ಹೇಳಿದ್ದಕ್ಕೆ ಹೇಳಿದಂತೆ ಮಾಡಿಕೊಟ್ಟ. ತಂದು ಕೂಡಿಸಿದರೆ ಗಾಲಿ ಹಳಿಯ ಮೇಲೆ ಕೂರಲೇ ಇಲ್ಲ. ಅವನ ಗೇಣು ಉದ್ದ, ನನ್ನದು ಗಿಡ್ಡ. ಇಷ್ಟು ಸಣ್ಣ ಮಾತು ಇಬ್ಬರ ತಲೆಗೂ ಹೊಳೆದಿರಲಿಲ್ಲ. ವೆಲ್ಡಿಂಗಿನವನು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಹಳಿಯನ್ನು ಕೊಯ್ದು ಸರಿಮಾಡಿಕೊಟ್ಟ. ಆರು ತುಂಡು ಹಳಿ. ಒಂದಕ್ಕೊಂದು ಬೋಲ್ಟು ಹಾಕಿ ಜೋಡಿಸಿದರೆ ಒಂದು ಮನೆಯ ಅಂಗಳದುದ್ದ ಆಗುತ್ತಿತ್ತು.

ಕ್ಯಾಮರಾ ಹಿಡಿದು ಟ್ರಾಲಿಯ ಮೇಲೆ ಕೂರುವವನು ಅವನು, ತಳ್ಳುವವನು ನಾನು. ಬೇರೆಯವರ ಶೂಟಿಂಗಿನಲ್ಲಿ 'ಹೋಗು, ನಿಲ್ಲು' ಎಂಬ ಕೂಗಾಟವೇ ಕೂಗಾಟ. ನಮ್ಮಲ್ಲಿ ಅದಿರಲಿಲ್ಲ. ಅವನು ಹಿಮ್ಮಡಿಯಿಂದ ಹಲಗೆಯನ್ನು ಒಮ್ಮೆ ತಟ್ಟಿದರೆ ಹೊರಡಬೇಕು, ಎರಡು ಸಲ ತಟ್ಟಿದರೆ ನಿಧಾನ, ಪಾದ ಚಪ್ಪಟೆಯಾಗಿ ಊರಿದರೆ ನಿಲ್ಲಬೇಕು. ಟ್ರಾಲಿ ತಳ್ಳುವುದೆಂದರೆ ಬಲ ಹಾಕುವುದು ಎಂದು ತಿಳಿದವರಿದ್ದಾರೆ, ಅವರಿಗೆ ಏನು ಹೇಳುವುದು! ತುಂಬಿದ ಕೊಡ ಹೊತ್ತವರು ನಡೆದಂತೆ ನಡೆಯಬೇಕು. ಮೊಣಕಾಲು ಮೆತ್ತಗಿರಬೇಕು, ಉಸಿರು ಒಂದೇ ಸಮ ಇರಬೇಕು. ನನಗೆ ಬೇರೆ ಯಾವ ಕೆಲಸದಲ್ಲೂ ತಾಳ್ಮೆಯಿಲ್ಲ, ಬಾಯಿ ಬೇರೆ ಕೆಟ್ಟದ್ದು. ಅವನ ಬೆನ್ನ ಹಿಂದೆ ನಿಂತು ಟ್ರಾಲಿ ತಳ್ಳುವಾಗ ಮಾತ್ರ ನಾನು ಒಳ್ಳೆಯ ಮನುಷ್ಯನಾಗಿರುತ್ತಿದ್ದೆ.

ಕೆಲಸ ಮುಗಿದ ಮೇಲೆ ಊಟ ಸುರಪುರದ ಅವನ ಮನೆಯಲ್ಲಿ. ಅವನ ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ, ಇಬ್ಬರಿಗೂ ಒಂದೇ ದೊಡ್ಡ ತಾಟು ಇಡುತ್ತಿದ್ದಳು. ಎರಡು ತಾಟು ತೊಳೆಯುವ ಕಷ್ಟ ಯಾರಿಗೆ ಬೇಕು ಎಂಬುದು ಅವಳ ಮಾತು. ಅವನ ತಂಗಿ ನನ್ನನ್ನು ಶಹಾಪುರದಣ್ಣ ಎಂದು ಕರೆಯುತ್ತಿದ್ದಳು. ಅಣ್ಣ ಹತ್ತು ಮಾತಿಗೆ ಒಂದು ಆಡುತ್ತಾನೆ, ಉಳಿದ ಒಂಬತ್ತನ್ನು ನೀನೇ ಆಡುತ್ತೀ ಎಂದು ಕಾಡಿಸುತ್ತಿದ್ದಳು. ನಾನು ಒಬ್ಬನೇ ಮಗ. ಆ ಪಡಸಾಲೆಯಲ್ಲಿ ಕೂತಾಗ ನನಗೆ ಅಣ್ಣನೂ ಇದ್ದ, ತಂಗಿಯೂ ಇದ್ದಳು.

ಆ ತಂಗಿಯ ಮದುವೆಯಲ್ಲೇ ನಾನು ಎಲ್ಲವನ್ನೂ ಕೆಡಿಸಿದೆ.

ಅವನು ಹೆಣ್ಣಿನ ಅಣ್ಣ, ಓಡಾಡುವ ಕೆಲಸ ನೂರಿದ್ದವು. ಹಾಗಾಗಿ ಅವತ್ತು ಕ್ಯಾಮರಾ ನನ್ನ ಕೈಗೆ ಬಂತು. ತಳ್ಳಲು ಸೈದಾಪುರದಿಂದ ಒಬ್ಬ ಲೈಟಿನವನನ್ನು ಕರೆಸಿದ್ದೆವು. ತಂಗಿಯ ಮದುವೆಯ ವಿಡಿಯೊ ಈ ಸೀಮೆಯಲ್ಲೇ ಯಾರದ್ದೂ ಇರದಂತೆ ಇರಬೇಕು ಎಂದು ನನಗೆ ಹಟ. ಹೆಣ್ಣು ಕಳಿಸುವ ಹೊತ್ತಿಗೆ ಅಂಗಳದಲ್ಲಿ ಆರೂ ಹಳಿ ಹಾಸಿದೆ. ತಾಯಿ ಉಡಿ ತುಂಬಿ ಕಳಿಸುತ್ತಾಳೆ, ಮಗಳು ಅಕ್ಕಿ, ಕೊಬ್ಬರಿ ತುಂಬಿದ ಸೆರಗನ್ನು ಹಿಡಿದುಕೊಂಡು ಹೊಸ್ತಿಲು ದಾಟುತ್ತಾಳೆ, ಅವಳು ಮುಂದೆ ಬಂದಂತೆ ಟ್ರಾಲಿ ಅಷ್ಟೇ ನಿಧಾನವಾಗಿ ಹಿಂದೆ ಸರಿಯುತ್ತದೆ. ಹೀಗೆಂದು ಮನಸ್ಸಿನಲ್ಲೇ ಹತ್ತು ಸಲ ನೋಡಿಕೊಂಡಿದ್ದೆ.

ಅವಳು ಅತ್ತಳು, ಅವ್ವ ಅತ್ತಳು, ಹೊಸ್ತಿಲು ದಾಟಿದಳು. ಮೂರನೇ ಹಳಿಯ ಕೆಳಗೆ ಇಟ್ಟಿದ್ದ ಮರದ ಬೆಣೆ ಜಾರಿ ಗಾಲಿ ಧಡಕ್ಕನೆ ಬಿತ್ತು. ನನ್ನ ಕ್ಯಾಮರಾದಲ್ಲಿ ಅವಳ ಮುಖ ಎಗರಿತು. ಅಷ್ಟು ವರ್ಷದ ರೂಢಿ, ಬಾಯಿಗೆ ಬಂದದ್ದು ಒಂದೇ ಮಾತು. "ಇನ್ನೊಮ್ಮೆ" ಅಂದೆ.

ಅಳುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಮಗಳು ಅದೇ ಉಡಿಯಲ್ಲಿ ಹೊಳ್ಳಿ ಒಳಗೆ ಕಾಲಿಡಬಾರದು, ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಆಗ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಆಗ ಹೊಸ್ತಿಲೆಂದರೆ ಶಾಟಿನ ಶುರು, ಅಷ್ಟೇ. ಅವಳು ಏನು ಮಾಡಲಿ ಎಂದು ಅಣ್ಣನ ಮುಖ ನೋಡಿದಳು. ಅವನು ನನ್ನ ಕಡೆ ನೋಡಿದ. ನಾನು ಚಿತ್ರ ಕೆಟ್ಟಿದೆ ಎಂದು ಕೈಯಾಡಿಸಿದೆ. ಅವನು ತಂಗಿಯತ್ತ ತಿರುಗಿ, ಒಳಗೆ ಹೋಗು ಎಂಬಂತೆ ತಲೆಯಾಡಿಸಿದ. ಅವನೂ ಇದೇ ಕಸುಬಿನವನು ನೋಡಿ. ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳು ಏನೋ ಗೊಣಗಿದಳು. ತಂಗಿ ಒಳಗೆ ಹೋದಳು. ನಾನು ಅಲ್ಲಿಗೂ ಬಿಡಲಿಲ್ಲ. ಅವ್ವ, ಮೊದಲು ಹೆಂಗ ತಬ್ಬಿಕೊಂಡು ಅತ್ತಿರಿ ಹಂಗೇ ಅಳಬೇಕು ಎಂದು ಹೇಳಿಕೊಟ್ಟೆ. ಈಗ ನೆನೆಸಿಕೊಂಡರೆ ಮೈಮೇಲೆ ಮುಳ್ಳೇಳುತ್ತದೆ. ಎರಡನೇ ಶಾಟು ಬಹಳ ಚೆನ್ನಾಗಿ ಬಂತು. ಒಂದೂವರೆ ವರ್ಷ ಅದನ್ನೇ ಗಿರಾಕಿಗಳಿಗೆ ತೋರಿಸಿ ಕೆಲಸ ಹಿಡಿದೆ.

ಒಂದೂವರೆ ವರ್ಷಕ್ಕೆ ಅವಳು ಒಂದು ಚೀಲ ಹಿಡಿದು ಮಧ್ಯಾಹ್ನದ ಬಸ್ಸಿಗೆ ತವರಿಗೆ ಬಂದಳು. ಮತ್ತೆ ಹೋಗಲಿಲ್ಲ. ಗಂಡನ ಮನೆಯಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ, ಇವತ್ತಿಗೂ ನನಗೆ ಗೊತ್ತಿಲ್ಲ. ಸುದ್ದಿ ಕೇಳಿ ಅವರ ಮನೆಗೆ ಹೋದೆ. ಅವ್ವ ಬೈಯುತ್ತಾಳೆ ಎಂದು ತಯಾರಾಗಿದ್ದೆ. ಅವಳು ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು ಎದುರಿಗೆ ಕೂತಳು.

"ಉಡಿ ತುಂಬಿದ ಮಗಳನ್ನ ಹೊಳ್ಳಿ ಒಳಗ ಕರದಿ," ಅಂದಳು. "ನೀ ಕರದದ್ದಕ್ಕೇ ಬಂದಾಳ ನೋಡಪಾ."

ಅವನು ಕಂಬಕ್ಕೆ ಆತು ನಿಂತಿದ್ದ. ಅವ್ವಾ, ಅವಳಿಗೆ ಒಳಗೆ ಹೋಗು ಅಂತ ತಲೆಯಾಡಿಸಿದವನು ನಾನು ಎಂದು ಅವನು ಹೇಳುತ್ತಾನೆ ಎಂದು ಕಾದೆ. ಅದೊಂದು ಮಾತು ಸಾಕಿತ್ತು. ಅವನು ನೆಲ ನೋಡುತ್ತ ನಿಂತೇ ಇದ್ದ. ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಮಗಳು ಬಂದು ಒಳಗೆ ಕೂತಿದ್ದಾಳೆ, ಇನ್ನು ಮಗನ ಮೇಲೂ ಆ ತಾಯಿಗೆ ಬೇಜಾರು ಯಾಕೆ ಎಂದು ಸುಮ್ಮನಾದೆ. ಹಾಗೆಂದು ಸಿಟ್ಟೇನು ಕಡಿಮೆ ಬರಲಿಲ್ಲ. ಅವನು ಕಳಿಸಲು ಹೊರಗೆ ಬಂದಾಗ ಬೀದಿಯಲ್ಲೇ ನಿಂತು ಅಂದೆ: "ಇನ್ನ ನಿಮ್ಮನಿ ಹೊಸ್ತಲಾ ತುಳದ್ರ ನಾ ನಮ್ಮಪ್ಪಗ ಹುಟ್ಟಿದವನೇ ಅಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಗೊತ್ತಿದ್ದವರೇ ಮೊದಲು ಮುತ್ತು ಒಡೆಯುವವರು.

ಅಂಗಡಿ ಪಾಲು ಮಾಡಲು ಉಸ್ತಾದರ ಬಳಿ ಹೋದೆವು. ಅವರು ಇಬ್ಬರಿಗೂ ಚಹಾ ತರಿಸಿದರು. ಲೈಟುಗಳನ್ನು ಸಮಸಮ ಹಂಚಿದರು. ಟ್ರಾಲಿ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಗಾಡಿ ಒಬ್ಬನ ಕಡಿ, ಪಟರಿ ಒಬ್ಬನ ಕಡಿ," ಅಂದರು. "ಈಗ ಎಷ್ಟ ದಿನ ಮಾತ ಬಿಡ್ತೀರಿ ಬಿಡ್ರಿ. ನಾನೂ ನೋಡ್ತೀನಿ."

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಒಬ್ಬರನ್ನೊಬ್ಬರು ತಬ್ಬಿಕೊಂಡು ಮನೆಗೆ ಹೋಗುತ್ತಿದ್ದರು. ನಾವು ಹಟಕ್ಕೆ ಬಿದ್ದು ಹೂಂ ಅಂದೆವು. ಗಾಡಿ ನನ್ನ ಪಾಲಿಗೆ, ಪಟರಿ ಎಂದರೆ ಹಳಿ ಅವನ ಪಾಲಿಗೆ ಬಂತು. ಹಳಿ ಇಲ್ಲದೆ ಎರಡು ತಿಂಗಳಿಗೆ ಇವನೇ ಬರುತ್ತಾನೆ ಎಂದು ಅವನು ಅಂದುಕೊಂಡಿರಬೇಕು. ಗಾಡಿ ಇಲ್ಲದೆ ಅವನೇ ಬರುತ್ತಾನೆ ಎಂದು ನಾನು ಅಂದುಕೊಂಡೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಉಸ್ತಾದರು ನಾಲ್ಕು ವರ್ಷ ನೋಡಿ ತೀರಿಕೊಂಡರು. ನಮ್ಮ ಹಟ ಅವರ ಆಯುಷ್ಯಕ್ಕಿಂತ ಉದ್ದವಾಯಿತು.

ಆಗಿನಿಂದ ಟ್ರಾಲಿ ಬೇಕೆಂದು ಬಂದವರು ಗಾಡಿಯನ್ನು ನನ್ನಲ್ಲಿಂದ ಹೇರಿಕೊಂಡು ಸುರಪುರಕ್ಕೆ ಹೋಗಿ ಹಳಿ ಹೇರಿಕೊಳ್ಳಬೇಕಾಯಿತು. ಗೊಣಗಿಕೊಂಡೇ ಮಾಡುತ್ತಿದ್ದರು. ಈ ಕಡೆ ಬೇರೆ ಟ್ರಾಲಿ ಇರಲಿಲ್ಲ. ಅವನು ಹಳಿಯ ಜೊತೆ ಬರುತ್ತಿರಲಿಲ್ಲ. ನಾನು ಮಾತ್ರ ನೇರ ಶೂಟಿಂಗಿನ ಜಾಗಕ್ಕೆ ಹೋಗಿ ಕಾಯುತ್ತಿದ್ದೆ. ಲೈಟು ನೋಡಿಕೊಳ್ಳಲು ಎಂದು ಮನೆಯಲ್ಲಿ ಹೇಳುತ್ತಿದ್ದೆ. ಹೋಗುತ್ತಿದ್ದುದು ಹಳಿ ನೋಡಲು.

ಒಂದೊಂದು ತುಂಡಿನ ತುದಿಗೂ ಅವನ ಅವ್ವನ ಹಳೆಯ ಇಳಕಲ್ಲ ಸೀರೆಯ ತುಂಡು ಕಟ್ಟಿರುತ್ತಿತ್ತು, ಜೋಡಿಸುವ ಬಾಯಿ ಪೆಟ್ಟು ತಿನ್ನಬಾರದೆಂದು. ಗಂಟು ಅವನದೇ. ಎಳೆದರೆ ಬಿಚ್ಚಿಕೊಳ್ಳುವ, ತಾನಾಗಿ ಎಂದೂ ಬಿಚ್ಚದ ಗಂಟು. ಬಟ್ಟೆ ಬಿಚ್ಚಿದರೆ ಟಾಲ್ಕಂ ಪೌಡರಿನ ವಾಸನೆ ಬರುತ್ತಿತ್ತು. ಗಾಲಿ ಕಿರುಗುಡದಿರಲಿ ಎಂದು ಅವನು ಹಳಿಗೆ ಬಳಿಯುವ ಪೌಡರು. ಆ ಗಂಟುಗಳನ್ನು ನಾನು ಯಾರಿಗೂ ಬಿಚ್ಚಗೊಡುತ್ತಿರಲಿಲ್ಲ. ಅವನ ಕೈ ಮುಟ್ಟಿದ್ದನ್ನು ಮುಟ್ಟುವ ಅವಕಾಶ ನನಗಿದ್ದದ್ದು ಅಷ್ಟೇ.

ಒಮ್ಮೆ ಹಳಿಯ ಒಂದು ಬೋಲ್ಟು ಸವೆದಿತ್ತು. ಹೊಸದು ತಂದು ಹಾಕಿ, ಏನೂ ಹೇಳದೆ ಕಳಿಸಿದೆ. ಮುಂದಿನ ಸಲ ನನ್ನ ಟ್ರಾಲಿ ಸುರಪುರ ಮುಟ್ಟಿ ಬಂದಾಗ ಅದರ ಕಿರುಗುಡುವ ಗಾಲಿಗೆ ಗ್ರೀಸು ಹಾಕಿತ್ತು. ಹಾಕು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅಂಗಡಿಯ ಬಾಗಿಲು ಮುಂದೆ ಮಾಡಿ, ಆ ಗಾಲಿಯನ್ನು ತಿರುವುತ್ತ ಸುಮ್ಮನೆ ಕೂತೆ. ಖುಷಿಯಾಯಿತೋ ಅಳು ಬಂತೋ, ಎರಡೂ ಆಯಿತು. ಇನ್ನೊಂದು ಸಲ ಟ್ರಾಲಿಯ ಹಲಗೆಯ ಕೆಳಗೆ ಸೀಮೆಸುಣ್ಣದಲ್ಲಿ 'ಹ್ಯಾಂಗಿದ್ದಿ' ಎಂದು ಬರೆದೆ. ಗಾಡಿ ಹೇರಲು ಬಂದವರು ಬಾಗಿಲಲ್ಲಿ ಹಾರ್ನ್ ಬಾರಿಸಿದರು. ಅಂಗಿಯ ತೋಳಿನಿಂದ ಒರೆಸಿಬಿಟ್ಟೆ. ನನ್ನಂಥ ಹೇಡಿ ಇನ್ನೊಬ್ಬನಿರಲಿಕ್ಕಿಲ್ಲ.

ಅವ್ವ ತೀರಿಕೊಂಡಾಗ ಮಣ್ಣಿಗೆ ಹೋದೆ. ಮನೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತೆ. ಹೊಸ್ತಿಲು ದಾಟುವುದಿಲ್ಲ ಎಂದು ಬೊಗಳಿದ್ದೆನಲ್ಲ. ಒಳಗಿನಿಂದ ಯಾರಾದರೂ ಕರೆದಿದ್ದರೆ ಅಪ್ಪನನ್ನೂ ಆಣೆಯನ್ನೂ ಬಿಟ್ಟು ಓಡಿಹೋಗುತ್ತಿದ್ದೆ. ಅವನು ಹೊರಗೆ ಬಂದ, ನನ್ನನ್ನು ನೋಡಿದ. ಒಂದು ಗಳಿಗೆ ನಿಂತ ಹಾಗೆ ಕಂಡಿತು. ಯಾರೋ ಕೂಗಿದರು, ಹೋಗಿಬಿಟ್ಟ. ನನಗೆ ಒಂದೇ ತಾಟಿನಲ್ಲಿ ಉಣ್ಣಲು ಕಲಿಸಿದವಳಿಗೆ ಎಲ್ಲರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಸ್ಸು ಹತ್ತಿದೆ. ಅದಾದ ಮೇಲೆ ಬಂದ ಹಳಿಗಳಿಗೂ ಅವಳ ಸೀರೆಯ ತುಂಡುಗಳೇ ಇದ್ದವು. ಆದರೆ ಅವು ಹರಿದ ಸೀರೆಯವಲ್ಲ. ಒಳ್ಳೆಯ ಸೀರೆ, ಇನ್ನು ಉಡುವವರಿಲ್ಲದ ಸೀರೆ.

ಆಮೇಲೆ ಗಿಂಬಲ್ ಬಂತು. ಕೈಯಲ್ಲಿ ಹಿಡಿದು ಓಡಿದರೂ ಚಿತ್ರ ಅಲುಗುವುದಿಲ್ಲ. ಅದರ ಬೆನ್ನಿಗೇ ಡ್ರೋನ್ ಬಂತು. ಹಾಳಾದ್ದು ಅದಕ್ಕೆ ನೆಲವೇ ಬೇಡ, ಹಳಿ ಎಲ್ಲಿಂದ ಬೇಕಾದೀತು! ಲೈಟಿಗೆ ಗಿರಾಕಿ ಬರುತ್ತಿದ್ದರು, ಟ್ರಾಲಿ ಕೇಳುವವರು ಕಡಿಮೆಯಾದರು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲ. ನನ್ನ ಹೆಂಡತಿ ಟ್ರಾಲಿಯನ್ನು ಮಾಳಿಗೆಗೆ ಹಾಕಿಸಿ ಅದರ ಮೇಲೆ ಶಾವಿಗೆ ಒಣಹಾಕಿದಳು. ಬಿಸಿಲು ಸರಿದಂತೆ ಸರಿಸಲು ಅನುಕೂಲ ಎಂದಳು. ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ಬಾಡಿಗೆ ಹೋಯಿತೆಂದು ಅಲ್ಲ ಸಿಟ್ಟು. ಟ್ರಾಲಿ ಸುರಪುರಕ್ಕೆ ಹೋಗದಿದ್ದರೆ ಅವನು ಹೇಗಿದ್ದಾನೆ ಎಂದು ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಯಾದಗಿರಿಯಲ್ಲಿ ಒಬ್ಬ ಹಳೆಯ ಗಿರಾಕಿ ಸಿಕ್ಕ. ಸುರಪುರದ ನಿನ್ನ ಜೋಡಿಯವನು ಹಳಿಗಳನ್ನು ಗುಜರಿಗೆ ಹಾಕುತ್ತಾನಂತೆ, ಮನೆಯಲ್ಲಿ ಜಾಗ ಇಲ್ಲವಂತೆ ಎಂದ. ಆ ಗಿರಾಕಿ ಎಷ್ಟೋ ವರ್ಷದ ಮೇಲೂ ನಮ್ಮನ್ನು ಜೋಡಿ ಎಂದೇ ಕರೆಯುತ್ತಾನೆ. ನಾನು ನಕ್ಕು ಏನೋ ಅಂದೆ. ಬಸ್ಸಿನಲ್ಲಿ ಬರುವಾಗ ಭೀಮಾ ಸೇತುವೆ ದಾಟಿದ್ದೂ ಗೊತ್ತಾಗಲಿಲ್ಲ. ಹಳಿ ಹೋದರೆ ಮುಗಿಯಿತು. ಉಸ್ತಾದರು ಕಟ್ಟಿಟ್ಟ ಗಂಟು ಅದೊಂದೇ ಉಳಿದಿತ್ತು. ಫೋನ್ ಮಾಡಿ ಕೊಡಬೇಡ ಎನ್ನಲೇ? ಯಾವ ಬಾಯಿಂದ? ಮೂರು ದಿನ ಅವನ ನಂಬರು ತೆಗೆಯುವುದು, ಫೋನ್ ಇಡುವುದು, ಇದೇ ಆಯಿತು.

ನಾಲ್ಕನೇ ದಿನ ಸುರಪುರದಿಂದಲೇ ಫೋನ್ ಬಂತು. ಅವನಲ್ಲ, ಅವನ ತಂಗಿ. ಹನ್ನೊಂದು ವರ್ಷದ ಮೇಲೂ ಶಹಾಪುರದಣ್ಣ ಅಂದಳು. ಅವಳು ಮನೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತಾಳೆ. ನಾಲ್ಕು ಹೆಣ್ಣುಮಕ್ಕಳು ಅವಳ ಜೊತೆ ಕೆಲಸ ಮಾಡುತ್ತಾರೆ. ಖಡಕ್ ರೊಟ್ಟಿ ಬೇರೆ ಊರುಗಳಿಗೂ ಹೋಗುತ್ತದೆ. ಅದರದ್ದೊಂದು ವಿಡಿಯೊ ಮಾಡಬೇಕು, ಎರಡು ಲೈಟು ಮತ್ತು ಟ್ರಾಲಿ ಬಾಡಿಗೆಗೆ ಬೇಕು ಎಂದಳು. ಈಗ ಟ್ರಾಲಿ ಯಾಕವ್ವ, ಗಿಂಬಲ್ಲಿನಲ್ಲಿ ಆಗುತ್ತದಲ್ಲ ಎಂದೆ. ನನ್ನ ಬಾಯಿಗೆ ಮಣ್ಣು ಹಾಕ, ಬಂದದ್ದನ್ನೂ ತಳ್ಳುತ್ತಿದ್ದೆ.

"ಟ್ರಾಲಿನೇ ಬೇಕು," ಅಂದಳು. "ಅಣ್ಣ ಕ್ಯಾಮರಾ ಹಿಡೀತಾನ. ಹಳಿ ಮನ್ಯಾಗ ಅದಾವ. ತಳ್ಳೋರಿಲ್ಲ, ಅದಕ್ಕ ನೀನೂ ಬಾ."

ಅಣ್ಣನಿಗೆ ಇದು ಗೊತ್ತಿದೆಯೇ ಎಂದು ಕೇಳಿದೆ. ಗೊತ್ತಿಲ್ಲದೆ ಹಳಿ ತಾವಾಗಿ ಎದ್ದು ಬಂದು ಪಡಸಾಲೆಯಲ್ಲಿ ಮಲಗಿದವೇನು ಎಂದು ಫೋನ್ ಇಟ್ಟಳು.

ಟ್ರಾಲಿಯನ್ನು ಮಾಳಿಗೆಯಿಂದ ಇಳಿಸಿ ಒರೆಸಿದೆ. ಬೆಳಿಗ್ಗೆ ಒಂದು ಟಂಟಂ ಆಟೊ ಮಾಡಿಕೊಂಡು ಸುರಪುರಕ್ಕೆ ಹೋದೆ. ಅವರ ಮನೆಯ ಮುಂದೆ ಬೇವಿನ ಗಿಡ ಹಾಗೇ ಇತ್ತು. ಡ್ರೈವರನೂ ನಾನೂ ಸೇರಿ ಟ್ರಾಲಿಯನ್ನು ಇಳಿಸಿ ಕಟ್ಟೆಯ ಮೇಲಿಟ್ಟೆವು. ಡ್ರೈವರ್ ಬಾಡಿಗೆ ತೆಗೆದುಕೊಂಡು ಹೊರಟುಹೋದ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ನಾನು ಲೈಟಿನ ಪೆಟ್ಟಿಗೆ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆ.

ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ದಪ್ಪಗಾಗಿದ್ದಳು, ಕೂದಲಲ್ಲಿ ಬಿಳಿ ಬಂದಿತ್ತು. ನಾನು ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಅಲ್ಲೇ ಹೇಳಿದೆ. ಅವತ್ತು ನಿನ್ನನ್ನು ಹೊಳ್ಳಿ ಕರೆದದ್ದು ತಪ್ಪಾಯಿತು, ನನ್ನಿಂದ ನಿನ್ನ ಬದುಕು ಹೀಗಾಯಿತು ಎಂದೆ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

"ಅಲ್ಲಿ ಒಂದೂವರಿ ವರ್ಷ ದಿನಾ ಅದನ್ನೇ ನೆನಸತಿದ್ದೆ," ಅಂದಳು. "ಹೊಸ್ತಲ ದಾಟಿದ ಮ್ಯಾಲೂ ಹೊಳ್ಳಿ ಒಳಗ ಬರಬಹುದು ಅಂತ ನೀ ಒಬ್ಬನೇ ನನಗ ತೋರ್ಸಿದ್ದಿ. ಅದು ಗೊತ್ತಿರಲಿಲ್ಲಂದ್ರ ನಾ ಬರ್ತಿದ್ದಿಲ್ಲ, ಅಲ್ಲೇ ಸಾಯ್ತಿದ್ದೆ."

ಬೆಳಗಿನ ರೊಟ್ಟಿ ಆರುತ್ತಿವೆ, ಒಳಗೆ ಬಾ ಎಂದು ಅವಳು ತಿರುಗಿ ನಡೆದಳು. ನಾನು ಹೊಸ್ತಿಲು ದಾಟಿದೆ.

ಅವನು ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹಳಿಯ ಕೆಳಗೆ ಬೆಣೆ ಇಡುತ್ತಿದ್ದ. ತಲೆ ಎತ್ತಿ ನೋಡಿದ. ಹಳಿ ಸಮ ಇದೆಯೇ ಎಂದು ನೋಡುವ ರಸಮಟ್ಟವನ್ನು ನನ್ನ ಕಡೆ ಚಾಚಿದ. ನಾನು ಲೈಟು ಇಟ್ಟು ಅವನ ಎದುರಿಗೆ ಕೂತು ಮೂರನೇ ಹಳಿಯ ಬೆಣೆಯನ್ನು ನೋಡಿದೆ. ಅದನ್ನು ಅವನು ಎರಡು ಸಲ ಬಡಿದು ಕೂರಿಸಿದ್ದ. ಆಮೇಲೆ ಇಬ್ಬರೂ ಹೊರಗೆ ಹೋಗಿ ಟ್ರಾಲಿಯನ್ನು ಎತ್ತಿಕೊಂಡು ಬಂದು ಹಳಿಯ ಮೇಲಿಟ್ಟೆವು. ಗಾಲಿ ಕೂತಿತು. ಹೊರಡುವ ಜಾಗಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. ಗೋಡೆಯುದ್ದಕ್ಕೂ ಐದು ಒಲೆ, ಐದು ಹಂಚು, ಐದು ಹೆಣ್ಣುಮಕ್ಕಳು. ಕೊನೆಯ ಒಲೆಯ ಮುಂದೆ ಅವನ ತಂಗಿ. ಕಿಟಕಿಯ ಬೆಳಕಿಗೆ ಸರಿಹೋಗುವಂತೆ ಲೈಟುಗಳಿಗೆ ಬಿಳಿ ಬಟ್ಟೆ ಕಟ್ಟಿದೆ. ಹಿಟ್ಟಿನ ದೂಳು ಬೆಳಕಿನಲ್ಲಿ ಕಾಣುತ್ತಿತ್ತು.

ಅವನು ಕುರ್ಚಿ ಹತ್ತಿ ಕೂತ. ನಾನು ಹಿಡಿಕೆ ಹಿಡಿದೆ. ಅವನ ಬೆನ್ನು ಸ್ವಲ್ಪ ಬಾಗಿತ್ತು, ಕತ್ತಿನ ಹಿಂದಿನ ಮಚ್ಚೆ ಅದೇ ಜಾಗದಲ್ಲಿತ್ತು. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಈ ಬೆನ್ನಿನ ಹಿಂದೆ ನಿಲ್ಲುವುದು, ಇನ್ನೇನೂ ಅಲ್ಲ. ಹಿಮ್ಮಡಿ ಹಲಗೆಯನ್ನು ಒಮ್ಮೆ ತಟ್ಟಿತು. ರೊಟ್ಟಿ ಬಡಿಯುವ ಅಷ್ಟು ಸದ್ದಿನ ನಡುವೆಯೂ ನನಗೆ ಅದು ಅಂಗೈಗೆ ತಿಳಿಯಿತು. ಹೊರಟೆ. ಒಂದನೇ ಹಂಚು, ಎರಡನೇ ಹಂಚು. ಮೂರನೇ ಹಳಿ ಬಂದಾಗ ಉಸಿರು ಹಿಡಿದೆ. ಗಾಲಿ ಎಣ್ಣೆಯ ಮೇಲೆ ಹೋದಂತೆ ದಾಟಿತು. ನಾಲ್ಕನೇ ಹಂಚಿನಲ್ಲಿ ಎರಡು ಸಲ ತಟ್ಟಿದ, ನಿಧಾನ ಮಾಡಿದೆ. ಅವನ ತಂಗಿಯ ಮುಂದೆ ಬಂದಾಗ ಪಾದ ಚಪ್ಪಟೆಯಾಗಿ ಊರಿದ. ನಿಂತೆ.

ಅವನು ತೆಗೆದದ್ದನ್ನು ಕ್ಯಾಮರಾದಲ್ಲೇ ಹಚ್ಚಿ ನೋಡಿದ. ನಾನು ಹೆಗಲ ಮೇಲಿಂದ ಬಾಗಿ ನೋಡಿದೆ. ಎಲ್ಲೂ ಒಂದು ಕೂದಲೆಳೆಯಷ್ಟು ಅಲುಗಿರಲಿಲ್ಲ. ನನಗೆ ಗೊತ್ತಾಯಿತು, ಅವನಿಗೂ ಗೊತ್ತಾಯಿತು. ಹಾಗಾದರೆ ಕೆಲಸ ಮುಗಿಯಿತು. ಇನ್ನು ಸಾಮಾನು ಕಟ್ಟಿಕೊಂಡು ಹೊರಡಬೇಕು, ಹಳಿ ಗುಜರಿಗೆ ಹೋಗುತ್ತದೆ, ಟ್ರಾಲಿ ಮಾಳಿಗೆಗೆ ಹೋಗುತ್ತದೆ. ಮುಖ ಕಾಣದಿರಲಿ ಎಂದು ಬಾಗಿ ಕೇಬಲ್ಲು ಸುತ್ತತೊಡಗಿದೆ.

ಅವನು ನನ್ನ ಕಡೆ ತಿರುಗಲಿಲ್ಲ. ಕ್ಯಾಮರಾ ನೋಡುತ್ತಲೇ ಇದ್ದ.

"ಇನ್ನೊಮ್ಮೆ," ಅಂದ.

ಕೊನೆಯ ಒಲೆಯ ಮುಂದೆ ಅವನ ತಂಗಿಯ ಕೈ ನಿಂತಿತು. ಅವಳು ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು, ಹೊಸ ಹಿಟ್ಟಿನ ಉಂಡೆ ತೆಗೆದುಕೊಂಡಳು. ನಾನು ಕೇಬಲ್ಲು ಕೆಳಗಿಟ್ಟೆ. ಹಿಡಿಕೆ ಹಿಡಿದು, ಟ್ರಾಲಿಯನ್ನು ಮೊದಲಿನ ಸೀಮೆಸುಣ್ಣದ ಗೆರೆಯ ತನಕ ಹಿಂದಕ್ಕೆ ಎಳೆದುಕೊಂಡು ಹೋಗಿ, ಅವನ ಹಿಮ್ಮಡಿಗಾಗಿ ಕಾಯುತ್ತ ನಿಂತೆ.